ಪೈಪಿನೊಳಗಿನ ಪೆಟ್ಟಿಗೆ ಮತ್ತು ಹಂಪಮ್ಮನ ಹೆದರಿಕೆ

ಹೈದರಾಬಾದಿನ ಉಪ್ಪಲ್‌ನಿಂದ ಮೂರು ಕಿಲೋಮೀಟರು ಒಳಗೆ ಹೋದರೆ ಹೊಸ ಅಪಾರ್ಟ್‌ಮೆಂಟು ಏಳುತ್ತಿರುವ ಒಂದು ಜಾಗವಿದೆ. ಅಲ್ಲಿ ಎಲ್ಲಿ ಅಗೆದರೂ ಬಂಡೆ. ಬಂಡೆ ಸಿಡಿಸದೆ ಪಾಯ ಇಳಿಯುವುದಿಲ್ಲ. ಪಕ್ಕದ ತಗಡಿನ ಶೆಡ್ಡುಗಳಲ್ಲಿ ರಾಯಚೂರು ಕಡೆಯಿಂದ ದುಡಿಯಲು ಬಂದ ಹದಿನಾಲ್ಕು ಕುಟುಂಬಗಳಿದ್ದವು. ಅವುಗಳಲ್ಲಿ ಹಂಪಮ್ಮನದೂ ಒಂದು. ಗಂಡ ತಾಯಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ. ಮಗಳು ಶಿವಗಂಗಾಳಿಗೆ ಆರು ವರ್ಷ. ಹಂಪಮ್ಮ ಬೆಳಿಗ್ಗೆ ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಮಧ್ಯಾಹ್ನ ರಸ್ತೆ ದಾಟಿ ಎದುರಿನ ಕಾಲೊನಿಗೆ ಹೋಗಿ ವಿಶಾಲಾಕ್ಷಿಯವರ ಮನೆಯ ಪಾತ್ರೆ ತೊಳೆಯುತ್ತಿದ್ದಳು.

ಶೆಡ್ಡಿನವರ ಜಗಳವೆಲ್ಲ ಸಾಮಾನ್ಯವಾಗಿ ನೀರಿನ ಟ್ಯಾಂಕರಿನ ಮುಂದೆ ನಡೆಯುತ್ತಿತ್ತು. ಆ ವಾರ ಮಾತ್ರ ಟ್ಯಾಂಕರ್ ಬಂದರೂ ಯಾರೂ ಓಡಲಿಲ್ಲ. ಎಲ್ಲರ ಕಣ್ಣು ಫೋನಿನ ಮೇಲೆಯೇ ಇತ್ತು. ದೂರದ ಒಂದು ಪಟ್ಟಣದ ಮಾರುಕಟ್ಟೆಯಲ್ಲಿ ಬಾಂಬು ಸಿಡಿದು ಹನ್ನೊಂದು ಜನ ಸತ್ತಿದ್ದರು. ತರಕಾರಿ ಬುಟ್ಟಿಯ ಪಕ್ಕ ಬಿದ್ದಿದ್ದ ಒಂದು ಚಪ್ಪಲಿಯ ಚಿತ್ರ ಎಲ್ಲರ ಫೋನಿಗೂ ಬಂದಿತ್ತು. ಅದರ ಹಿಂದೆಯೇ ಧ್ವನಿ ಸಂದೇಶಗಳು ಬಂದವು. ಇನ್ನು ಹೈದರಾಬಾದಿನ ಸರದಿಯಂತೆ, ಹೊರಗಿನಿಂದ ಬಂದವರೇ ಮಾಡುತ್ತಾರಂತೆ. ಹಂಪಮ್ಮ ಬಸ್ಸು ಹತ್ತಿದರೆ ಸೀಟಿನ ಕೆಳಗೆ ನೋಡುವಳು. ಯಾರದೋ ಚೀಲ ಕಂಡರೆ ಮುಂದಿನ ಸ್ಟಾಪಿನಲ್ಲೇ ಇಳಿಯುವಳು.

ಎದುರಿನ ಕಾಲೊನಿಯವರಿಗೂ ಅದೇ ಭಯ. ಅಲ್ಲಿಯ ಸಂಘದ ಅಧ್ಯಕ್ಷರು ವಿಶಾಲಾಕ್ಷಿಯವರ ಗಂಡ ನರಹರಿ. ಧಾರವಾಡ ಕಡೆಯವರು, ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಏನಾದರೂ ಮಾಡಿ ಎಂದು ಜನ ಅವರ ಬಾಗಿಲಿಗೆ ಬಂದರು. ಶೆಡ್ಡಿನವರು ಕಾಲೊನಿಯ ಗೇಟಿನೊಳಗೆ ಬರಕೂಡದು ಎಂದು ಅವರು ಮರುದಿನವೇ ನೋಟಿಸು ಅಂಟಿಸಿದರು. ಶೆಡ್ಡು ತಪಾಸಣೆಗೆ ಕಾಲೊನಿಯ ಆರು ಜನ ಯುವಕರನ್ನು ಕಳಿಸಿದರು.

"ಹುಡುಕಲಿ ಬಿಡ್ರಿ, ನಮ್ಮ ಹಂತ್ಯಾಕ ಏನೈತಿ?" ಎಂದು ಹಂಪಮ್ಮ ಮೊದಲು ತಾನೇ ಬಾಗಿಲು ತೆರೆದು ನಿಂತಳು.

ಆದರೆ ಮೂರನೆಯ ಶೆಡ್ಡಿನಲ್ಲಿ ಸಿಂಧನೂರಿನ ದಸ್ತಗೀರ ಇದ್ದ. ಅವನು ಕಬ್ಬಿಣದ ಸರಳು ಕಟ್ಟುವ ಕೆಲಸದವನು. ಅವನ ಚೀಲದಲ್ಲಿ ಸರಳು ಕಟ್ಟುವ ತಂತಿಯ ಸುರುಳಿ ಸಿಕ್ಕಿತು. ಅದೇನೆಂದು ಹೇಳುವಷ್ಟರಲ್ಲಿ ಅವನ ಮೇಲೆ ಏಟು ಬಿದ್ದಿದ್ದವು. ಸುದ್ದಿ ತಿಳಿದು ಪೊಲೀಸರು ಬಂದು ಬಿಡಿಸಿದರು. ಅವನಲ್ಲಿ ಏನೂ ಇಲ್ಲವೆಂದರು. ಬಾತುಕೊಂಡ ಕೈಯಲ್ಲೇ ಗಂಟು ಕಟ್ಟಿ ದಸ್ತಗೀರ ಆ ಸಂಜೆಯ ಬಸ್ಸಿಗೆ ಊರಿಗೆ ಹೋದ. "ಆತ ಅಂಥಾವ ಅಲ್ಲ" ಎಂದು ಅಡ್ಡ ಬಂದಿದ್ದ ಕಾಲೊನಿಯ ವಾಚ್‌ಮನ್ ಸೂಗಪ್ಪನ ಕೆಲಸವೂ ಹೋಯಿತು.

ಆ ದಿನದಿಂದ ಶೆಡ್ಡುಗಳಲ್ಲಿ ಮಾತೇ ನಿಂತುಹೋಯಿತು.

ಭಾನುವಾರ ಬೆಳಿಗ್ಗೆ ಮಗಳನ್ನು ಊಟಕ್ಕೆ ಕರೆಯಲು ಹಂಪಮ್ಮ ಸೈಟಿನ ಹಿಂಬದಿಗೆ ಹೋದಳು. ಅಲ್ಲಿ ಉಳಿದುಬಿದ್ದ ದೊಡ್ಡ ಸಿಮೆಂಟು ಪೈಪುಗಳಲ್ಲಿ ಶೆಡ್ಡಿನ ಮಕ್ಕಳು ಅಡುಗೆಯಾಟ ಆಡುತ್ತಿದ್ದರು. ಶಿವಗಂಗಾ ಓಡಿಬಂದು, "ಅವ್ವಾ, ನನ್ನ ಹೊಸ ಬಳೆ ನೋಡು" ಎಂದು ಕೈ ಚಾಚಿದಳು.

ಮಣಿಕಟ್ಟಿಗೆ ಕೆಂಪು ಹಳದಿ ತಂತಿ ಸುತ್ತಿತ್ತು. ತಂತಿಯ ತುದಿಯಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಕೊಳವೆ ನೇತಾಡುತ್ತಿತ್ತು.

ಹಂಪಮ್ಮ ಆ ಕೈಯನ್ನು ಅಲುಗದಂತೆ ಹಿಡಿದಳು. ಹಿಂದೆ ಗಂಡನ ಜೊತೆ ಕಲ್ಲು ಕ್ವಾರಿಯಲ್ಲಿ ದುಡಿಯುವಾಗ ಅವಳು ಅಂಥದ್ದನ್ನು ನೋಡಿದ್ದಳು. ಬಂಡೆಯೊಳಗಿನ ಮದ್ದಿಗೆ ಕಿಡಿ ಕೊಡುವ ಡಿಟೊನೇಟರ್ ಅದು. ಅಂಥ ಒಂದು ಕೊಳವೆ ಕೈಯಲ್ಲೇ ಸಿಡಿದು ಅವಳ ಜೊತೆಗಾರನೊಬ್ಬನ ಮೂರು ಬೆರಳು ಹೋಗಿದ್ದವು.

"ಅಲ್ಲಾಡಬ್ಯಾಡ ನನ್ನವ್ವಾ, ಕಲ್ಲಿನಂಗ ನಿಂದ್ರು" ಎಂದಳು. ಒಂದೊಂದೇ ಸುತ್ತು ಬಿಚ್ಚಿ ಅದನ್ನು ಮರಳಿನ ಮೇಲೆ ಮೆಲ್ಲಗೆ ಇಟ್ಟಳು. ಬಗ್ಗಿ ನೋಡಿದರೆ, ಪೈಪಿನೊಳಗೆ ಸಿಮೆಂಟು ಚೀಲದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಬಂಡೆ ಸಿಡಿಸುವ, ಮೇಣದಬತ್ತಿಯಂಥ ಜಿಲೆಟಿನ್ ಕಡ್ಡಿಗಳು ಸಾಲಾಗಿ ಮಲಗಿದ್ದವು. ಮಕ್ಕಳನ್ನೆಲ್ಲ ಗದರಿಸಿ ಓಡಿಸಿ, ತಾನು ದೂರ ನಿಂತು ಗಂಡನನ್ನು ಕೂಗಿದಳು.

ತಾಯಪ್ಪ ನೋಡಿದವನೇ ಸುತ್ತಲೂ ಕಣ್ಣಾಡಿಸಿದ. "ಬಾಯಿ ಮುಚ್ಕೊಂಡು ಶೆಡ್ಡಿಗೆ ನಡಿ. ಯಾರಿಗೂ ಹೇಳಬ್ಯಾಡ."

"ಹುಡುಗ್ರು ದಿನಾ ಇಲ್ಲೇ ಆಡ್ತಾವ್ರೀ!"

"ಹೇಳಿದ್ರ ಮೊದಲು ಕೇಳೂದೇನು? ಇದು ಏನಂತ ನಿಮಗ ಹೆಂಗ ಗೊತ್ತಾತು ಅಂತ. ನಾ ಎಂಟು ವರ್ಷ ಕ್ವಾರಿಯೊಳಗ ಮದ್ದು ತುಂಬಿದಾಂವ. ಅವ್ರಿಗೆ ಇನ್ನೇನು ಬೇಕು? ದಸ್ತಗೀರನ ಹಂತ್ಯಾಕ ಬರೀ ತಂತಿ ಇತ್ತು. ಅವನ ಗತಿ ಏನಾತು, ನೋಡಿದಿಲ್ಲ? ತಡಿ, ಇದನ್ನ ಒಯ್ದು ನಾಲಾದಾಗ ಒಗದು ಬರ್ತೀನಿ."

"ಮುಟ್ಟೀರಿ ಮತ್ತ!" ಎಂದು ಹಂಪಮ್ಮ ಅಡ್ಡ ನಿಂತಳು. "ನಾಲಾದಾಗ ಒಗದ್ರ ಇನ್ನೊಬ್ಬರ ಮಗು ಎತ್ಕೊಂತೈತಿ. ಇದನ್ನ ಇಟ್ಟಾವ ಯಾರು, ಯಾವ ಊರಿನ ಸಂತಿಗೆ ಒಯ್ಯಾಂವ, ಯಾರಿಗೆ ಗೊತ್ತು?"

ತಾಯಪ್ಪ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಯಾರನ್ನೂ ಹತ್ತಿರ ಬಿಡಬೇಡಿ ಎಂದು ಅವನನ್ನು ದೂರದಲ್ಲಿ ಕಾವಲು ನಿಲ್ಲಿಸಿ ಹಂಪಮ್ಮ ರಸ್ತೆ ದಾಟಿದಳು. ಗೇಟಿನಲ್ಲಿ ಹೊಸ ವಾಚ್‌ಮನ್ ತಡೆದ. ಅವಳು ಅಲ್ಲಿಂದಲೇ ವಿಶಾಲಾಕ್ಷಿಯವರಿಗೆ ಫೋನು ಮಾಡಿದಳು.

ವಿಶಾಲಾಕ್ಷಿ ಬರಿಗಾಲಲ್ಲೇ ಗೇಟಿಗೆ ಬಂದರು. ಹಂಪಮ್ಮ ಕಂಡದ್ದನ್ನೆಲ್ಲ ಹೇಳಿದಳು.

"ಅಮ್ಮಾರ, ನಮ್ಮ ಹೆಸರು ಮಾತ್ರ ಹೇಳಬ್ಯಾಡ್ರಿ. ಕೈ ಮುಗೀತೀನಿ."

"ಫೋನ್ ನಾ ಮಾಡ್ತೀನಿ, ನನ್ನ ಹೆಸರ್ಲೇ ಮಾಡ್ತೀನಿ" ಎಂದು ವಿಶಾಲಾಕ್ಷಿ ಅಲ್ಲೇ ನಿಂತು 112 ಒತ್ತಿದರು. "ಆದ್ರ ಯಾವ ಪೈಪು ಅಂತ ತೋರಿಸಾಕ ನೀ ಬೇಕಲಾ ಹಂಪಮ್ಮಾ. ನಾ ನಿನ್ನ ಮಗ್ಗಲದಾಗ ನಿಂತಿರ್ತೀನಿ. ಯಾರು ಏನಂದ್ರೂ ಅಲ್ಲಿಂದ ಸರಿಯಂಗಿಲ್ಲ."

ಸ್ವಲ್ಪ ಹೊತ್ತಿನಲ್ಲಿ ಎಸ್‌ಐ ಶ್ರೀಲಕ್ಷ್ಮಿ ಬಂದರು. ಹಿಂದೆಯೇ ಬಾಂಬ್ ಪತ್ತೆ ದಳ ಬಂತು. ಶೆಡ್ಡಿನವರನ್ನೂ ಕಾಲೊನಿಯವರನ್ನೂ ಒಂದೇ ಮೈದಾನಕ್ಕೆ ಕಳಿಸಿದರು. ಒಂದೂವರೆ ಗಂಟೆ ಎಲ್ಲರೂ ಬಿಸಿಲಲ್ಲಿ ನಿಂತರು. ಪೆಟ್ಟಿಗೆಯನ್ನು ಸುರಕ್ಷಿತವಾಗಿ ಒಯ್ದ ಮೇಲೆ ಶ್ರೀಲಕ್ಷ್ಮಿ ತಾಯಪ್ಪನ ಹತ್ತಿರ ಬಂದರು. ಹಂಪಮ್ಮ ಪೈಪು ತೋರಿಸುವಾಗಲೇ ಅವನ ಕ್ವಾರಿ ಕೆಲಸದ ವಿಷಯವನ್ನೂ ಅವರಿಗೆ ಹೇಳಿದ್ದಳು.

ಶ್ರೀಲಕ್ಷ್ಮಿಯವರದು ಗಡಿಯ ನಾರಾಯಣಪೇಟೆ. ಅವರಿಗೆ ಕನ್ನಡ ಬರುತ್ತಿತ್ತು. "ಕ್ವಾರಿಯೊಳಗ ಕೆಲಸ ಮಾಡೀರಂತ? ಛಲೋ ಆತು. ನಮಗ ಗೊತ್ತಿಲ್ಲದ್ದು ನಿಮಗ ಗೊತ್ತೈತಿ. ಇಂಥಾ ಮಾಲು ಸೈಟಿಗೆ ಯಾರು ತರ್ತಾರ? ಉಳಿದದ್ದನ್ನ ಯಾರು ವಾಪಸ್ ಒಯ್ಯಬೇಕು?"

ತಾಯಪ್ಪ ತೊದಲುತ್ತ ಶುರುಮಾಡಿದ. ಆಮೇಲೆ ಮಾತು ಸರಾಗವಾಯಿತು. ಬಂಡೆ ಸಿಡಿಸುವವರ ಪೈಕಿ ಒಬ್ಬ ಹಿಂದಿನ ಎರಡು ಶುಕ್ರವಾರ ಕೆಲಸವಿಲ್ಲದಿದ್ದರೂ ಪೈಪಿನ ಕಡೆ ಓಡಾಡುತ್ತಿದ್ದುದನ್ನು ಅವನು ನೋಡಿದ್ದ. ಶೆಡ್ಡಿನ ಇನ್ನೂ ಇಬ್ಬರು ನೋಡಿದ್ದರು. ಯಾರೂ ಬಾಯಿ ಬಿಟ್ಟಿರಲಿಲ್ಲ. ಮರುದಿನ ಆ ಮನುಷ್ಯ ಸಿಕ್ಕಿಬಿದ್ದ. ಕದ್ದು ಹೊರಗೆ ಮಾರಲು ಬಚ್ಚಿಟ್ಟಿದ್ದನ್ನು ಒಪ್ಪಿಕೊಂಡ. ಕೊಳ್ಳುವವರು ಯಾರೆಂಬುದು ಇನ್ನೂ ತನಿಖೆಯಲ್ಲಿತ್ತು.

ಬುಧವಾರ ಸಂಜೆ ಕಾಲೊನಿಯ ಉದ್ಯಾನದಲ್ಲಿ ಸಭೆ ಸೇರಿತು. ಶೆಡ್ಡಿನವರನ್ನೂ ಎಸ್‌ಐ ಶ್ರೀಲಕ್ಷ್ಮಿಯವರನ್ನೂ ಕರೆದಿದ್ದರು. ನರಹರಿ ಎದ್ದು ನಿಂತರು.

"ಬಾಂಬ್ ಸಿಡಿದ ದಿನಾ ನನಗ ಒಂದ ಸಮನೆ ಫೋನ್ ಬಂದ್ವು. ಎಲ್ಲಾರೂ ಕೇಳಿದ್ದು, ಏನ್ ಮಾಡಿದ್ರಿ ಅಂತ. ಸ್ವಲ್ಪ ವಿಚಾರ ಮಾಡೋಣ ಅಂದಿದ್ರ ನನ್ನನ್ನ ಕೈಲಾಗದಾವ ಅಂತಿದ್ರಿ. ಹಿಂಗಾಗಿ ನಿಮ್ಮ ಕಣ್ಣಿಗೆ ಕಾಣೂ ಹಂಗ ಏನಾರ ಮಾಡಬೇಕಿತ್ತು, ಮಾಡಿದೆ. ಗೇಟ್ ಹಾಕಿದೆ, ಮಂದಿನ್ನ ಕಳಿಸಿದೆ. ಏನೂ ಮಾಡದವನಿಗೆ ಏಟು ಬಿತ್ತು. ಕಣ್ಣಿಲೆ ನೋಡಿದವ್ರು ಹೆದರಿ ಸುಮ್ಮನಾದ್ರು. ಪೆಟ್ಟಿಗಿ ನಮ್ಮ ಮೂಗಿನ ಕೆಳಗ ಇತ್ತು. ತಪ್ಪು ನಂದು."

ತಾಯಪ್ಪ ಕುಳಿತಲ್ಲೇ ಕೇಳಿದ. "ಹಂಗಾದ್ರ ಸುಮ್ಮ ಕುಂಡ್ರಬೇಕೇನ್ರಿ ಸಾಹೇಬ್ರ? ಸತ್ತ ಹನ್ನೊಂದು ಮಂದಿ ಮನಿಯವ್ರಿಗೆ ಏನ್ ಹೇಳ್ತೀರಿ? ಅಂಥವ್ರನ್ನ ನಡು ರಸ್ತಿಯೊಳಗ ಹೊಡೀಬೇಕು ನೋಡ್ರಿ."

"ಅಂಥವ್ರು ಅಂದ್ರ ಯಾರು?" ಶ್ರೀಲಕ್ಷ್ಮಿ ಮೆಲ್ಲಗೆ ಕೇಳಿದರು. "ಮೊನ್ನೆ ಈ ರಸ್ತಿಯೊಳಗ ಹೊಡದದ್ದು ಯಾರಿಗೆ?"

"ದಸ್ತಗೀರಗ" ಎಂದ ತಾಯಪ್ಪ.

"ಸುಮ್ಮ ಕುಂಡ್ರಂಗಿಲ್ಲ" ಎಂದು ಶ್ರೀಲಕ್ಷ್ಮಿ ಮುಂದುವರಿಸಿದರು. "ತಪ್ಪು ಮಾಡಿದವನನ್ನ ಹಿಡೀಬೇಕು, ಕೋರ್ಟಿನಾಗ ಶಿಕ್ಷಾ ಆಗಬೇಕು. ಆದ್ರ ಬಾಂಬ್ ಇಡಾವ ಹನ್ನೊಂದು ಮಂದಿನ್ನ ಕೊಲ್ಲಾಕ ಅಷ್ಟ ಇಡಂಗಿಲ್ಲ. ಉಳಿದ ಮಂದಿ ಹೆದರಬೇಕು, ಒಬ್ಬರನ್ನೊಬ್ಬರು ಹರಕೊಂಡು ತಿನ್ನಬೇಕು, ಸರ್ಕಾರ ಸಿಟ್ಟಿಗೆದ್ದು ಸಿಕ್ಕವರ ಮ್ಯಾಲೆ ಬೀಳಬೇಕು. ಅವನಿಗೆ ಬೇಕಾದದ್ದು ಅದು. ಬಿಗಿ ಹೆಚ್ಚಾದ್ರ ನಿರಪರಾಧಿ ಸಿಗ್ತಾನ, ಸಡಿಲಾದ್ರ ಇನ್ನೊಂದು ಬಾಂಬ್ ಸಿಡೀತೈತಿ. ಮಂದಿ ಇವತ್ತ ಉತ್ತರ ಕೇಳ್ತಾರ, ತನಿಖೆಗೆ ತಿಂಗಳು ಬೇಕು. ಈ ಇಕ್ಕಟ್ಟು ನರಹರಿ ಅವ್ರಿಗೆ ಬಂದಂಗ ಊರು ಆಳೂ ಎಲ್ಲಾರಿಗೂ ಬರತೈತಿ. ಇದಕ್ಕ ಹಗೂರ ಉತ್ತರ ನನ್ನ ಹಂತ್ಯಾಕೂ ಇಲ್ಲ. ಒಂದು ಮಾತ್ರ ಗೊತ್ತು. ಹಂಪಮ್ಮನಂಥವ್ರು ಹೆದರದ ಹೇಳಿದ್ರ ನಮಗ ಕಣ್ಣು ಬರತಾವ."

ಎಲ್ಲರೂ ಹಂಪಮ್ಮನ ಕಡೆ ತಿರುಗಿದರು. ಅವಳು ಸೆರಗಿನ ತುದಿ ಹಿಡಿದು ಎದ್ದಳು. "ನಾ ಧೈರ್ಯದಾಕಿ ಅಲ್ರಿ. ನನ್ನ ಕೂಸಿನ ಕೈಯಾಗ ಅದು ಇರದಿದ್ರ ನಾನೂ ಸುಮ್ಮನ ಇರ್ತಿದ್ನೇನೋ. ದಸ್ತಗೀರಣ್ಣಗ ಯಾರರ ಒಂದು ಮಾತು ಹೇಳ್ರಿ."

ನರಹರಿ ಅಲ್ಲೇ ಸಿಂಧನೂರಿಗೆ ಫೋನು ಹಚ್ಚಿದರು. ಎಲ್ಲರೆದುರು ತಪ್ಪಾಯಿತು ಎಂದರು, ಮರಳಿ ಬರಲು ಕೇಳಿಕೊಂಡರು. "ಕೈ ಇನ್ನೂ ನೋಯಾಕತ್ತೈತ್ರಿ. ನೋಡೂಣು" ಎಂದು ದಸ್ತಗೀರ ಫೋನಿಟ್ಟ. ಹೊಡೆದ ಆರು ಜನರ ಮೇಲೆ ದೂರು ದಾಖಲಾಯಿತು. ಗೇಟಿನ ನೋಟಿಸನ್ನು ನರಹರಿ ತಾವೇ ಕಿತ್ತರು. ಸೂಗಪ್ಪನಿಗೆ ಮರುದಿನವೇ ಕೆಲಸಕ್ಕೆ ಬರಲು ಹೇಳಿದರು.

ಶೆಡ್ಡಿಗೆ ಮರಳುವಾಗ ತಾಯಪ್ಪನ ಫೋನಿಗೆ ಮತ್ತೊಂದು ಧ್ವನಿ ಸಂದೇಶ ಬಂತು. ಯಾವುದೋ ಬಡಾವಣೆಯಲ್ಲಿ ಯಾರೋ ಬಾಂಬಿನ ಸಮೇತ ಸಿಕ್ಕರಂತೆ. ಹತ್ತು ಮಂದಿಗೆ ಕಳಿಸಲು ಬೆರಳು ಎತ್ತಿದವನು ತಡೆದು ಹೆಂಡತಿಯನ್ನು ನೋಡಿದ. "ಇದು ಖರೇನೋ ಸುಳ್ಳೋ ನನಗೇನು ಗೊತ್ತು" ಎಂದು ಅಳಿಸಿದ. "ಇನ್ನ ಮ್ಯಾಲೆ ಏನಾರ ಕಂಡ್ರ ನಾನ ಫೋನ್ ಮಾಡ್ತೀನಿ ಬಿಡು. ನಿನ್ನ ಒಬ್ಬಾಕಿನ್ನ ಕಳಸಂಗಿಲ್ಲ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯಲ್ಲೂ ಇಂಥ ಒಂದು ವಾರ ಬರಬಹುದು. ವಾರಸುದಾರರಿಲ್ಲದ ಚೀಲವೋ ಪೆಟ್ಟಿಗೆಯೋ ಕಂಡರೆ ಮುಟ್ಟಬೇಡಿ. ಮಕ್ಕಳನ್ನು ದೂರ ಕರೆದೊಯ್ಯಿರಿ. ನೀವೂ ದೂರ ಹೋದ ಮೇಲೆ 112ಕ್ಕೆ ಫೋನು ಮಾಡಿ. ಕಂಡದ್ದನ್ನು ಕಂಡಷ್ಟೇ ಹೇಳಿ. ಯಾರದೋ ಹೆಸರು, ಊರು, ಗಡ್ಡ, ಭಾಷೆ ನೋಡಿ ಕೈ ಎತ್ತಬೇಡಿ, ಎತ್ತುವವರನ್ನು ತಡೆಯಿರಿ. ಕಠಿಣ ಕ್ರಮ ಬೇಕೆಂದು ಕೂಗುವ ಮೊದಲು, ಅದು ಯಾರ ಮೈಮೇಲೆ ಬೀಳುತ್ತದೆ ಎಂದು ಒಮ್ಮೆ ಕೇಳಿ. ನಿಮ್ಮ ಪಕ್ಕದ ಮನೆಯವರು ಕಂಡದ್ದನ್ನು ನಿಮ್ಮ ಮುಂದೆ ಹೆದರದೆ ಹೇಳುವ ಹಾಗೆ ಬದುಕಿ. ಇವತ್ತೇ ಹೋಗಿ ಅವರನ್ನು ಮಾತಾಡಿಸಿ ಬನ್ನಿ.