ಶೇಂಗಾ ಹೊಲಕ್ಕೆ ಇಳಿದ ವಿಮಾನ

ಸುಲೋಚನಮ್ಮನ ಹೊಲದಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿ ಆಗಿತ್ತು. ಆಳುಗಳು ಗುಡ್ಡೆಯ ಸುತ್ತ ಕೂತು ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದರು. ಜಟಿಂಗ ರಾಮೇಶ್ವರನ ಗುಡ್ಡದ ಕಡೆಯಿಂದ ವಿಮಾನದ ಸದ್ದು ಕೇಳಿಸಿದಾಗ ಯಾರೂ ಕತ್ತೆತ್ತಲಿಲ್ಲ. ಬಳ್ಳಾರಿ ಕಡೆಗೆ ಹೋಗುವ ಪುಟ್ಟ ವಿಮಾನಗಳನ್ನು ಅವರು ಆಗಾಗ ನೋಡಿದ್ದರು. ಆದರೆ ಸದ್ದು ಕೆಮ್ಮಿದಂತಾಗಿ ಒಮ್ಮೆಲೇ ನಿಂತುಹೋದಾಗ ಎಲ್ಲರ ಕೈಯೂ ನಿಂತಿತು.

"ಇಂಜಿನ್ ಬಂದ್ ಆಗೈತೆ ಅಕ್ಕಾ," ಎಂದ ನೂರ್ ಅಹಮ್ಮದ್. ಅವನು ಮೊಳಕಾಲ್ಮೂರಿನ ಮೆಕ್ಯಾನಿಕ್, ಬಾವಿಯ ಡೀಸೆಲ್ ಪಂಪು ಕೆಟ್ಟಿದ್ದಕ್ಕೆ ತನ್ನ ಹಳೇ ಜೀಪಿನಲ್ಲಿ ಬಂದಿದ್ದ.

ಬಿಳಿ ವಿಮಾನ ಗಾಳಿಯಲ್ಲಿ ತೇಲುತ್ತ ಕೆಳಕ್ಕೆ ಬಂತು. ಕಿತ್ತು ಖಾಲಿಯಾದ ಹೊಲಕ್ಕೆ ಚಕ್ರ ಊರಿತು, ಮೆತ್ತನೆ ಮಣ್ಣಿನಲ್ಲಿ ಎರಡು ಸಲ ಪುಟಿದು ಬದುವಿಗೆ ಮೂತಿ ಗುದ್ದಿ ನಿಂತಿತು. ಒಂದು ರೆಕ್ಕೆ ಮುರಿದು ಜೋತುಬಿತ್ತು. ಕೆಂಪು ಧೂಳು ಮೇಲೆದ್ದು ಏನೂ ಕಾಣದಾಯಿತು.

ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಧೂಳಿನ ಹಿಂದೆಯೇ ಪೆಟ್ರೋಲಿನ ವಾಸನೆ ಬಂತು. ಸುಲೋಚನಮ್ಮ ವಿಮಾನದ ಕಡೆಗೆ ಓಡಲಿಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಆಳುಗಳಿಗಾಗಿ ಕುದಿಯುತ್ತಿದ್ದ ಚಹಾದ ಪಾತ್ರೆಯನ್ನು ಹಾಗೇ ಒಲೆಗೆ ಬೋರಲು ಹಾಕಿದಳು, ಮೇಲೆ ಎರಡು ಬೊಗಸೆ ಮಣ್ಣು ಸುರಿದಳು.

"ಚಹಾ ಹೋಯ್ತಲ್ಲಮ್ಮಾ," ಎಂದ ಆಳು ಉಗ್ರಪ್ಪ.

"ಹೋಗ್ಲಿ. ನಿನ್ನ ಕಿವಿ ಮೇಲಿನ ಬೀಡಿ ಹಚ್ಚಿದ್ರೆ ನೀನೂ ಹೋಗ್ತೀಯ. ಬೆಂಕಿಪೊಟ್ಣ ಇದ್ದೋರೆಲ್ಲ ಇಲ್ಲೇ ಇಟ್ಟು ಬರ್ರಿ."

ವಿಮಾನದಲ್ಲಿ ಒಬ್ಬನೇ ಇದ್ದ. ಮಧ್ಯವಯಸ್ಸಿನ ಪೈಲಟ್, ಹಣೆಯಿಂದ ರಕ್ತ ಇಳಿಯುತ್ತಿತ್ತು, ಎಚ್ಚರವಿತ್ತು. ಮುಂದಿನ ತಗಡು ಒಳಕ್ಕೆ ನುಗ್ಗಿ ಬಂದು ಬಲಗಾಲು ಅದರಡಿ ಸಿಕ್ಕಿಕೊಂಡಿತ್ತು. ಮುರಿದ ರೆಕ್ಕೆಯಿಂದ ಪೆಟ್ರೋಲು ಸುರಿದು ಒಣ ಬಳ್ಳಿಯನ್ನು ತೋಯಿಸುತ್ತಿತ್ತು.

"ಇಂಜಿನ್ ಜಾಮ್ ಆಯ್ತಮ್ಮ," ಎಂದ ಅವನು, ಏನೋ ತಪ್ಪು ಮಾಡಿದವನಂತೆ. "ಆಯಿಲ್ ಪೂರ್ತಿ ಹೊರಗೆ ಬಂತು. ದಯವಿಟ್ಟು ಬೇಗ ಎಳೀರಿ."

ಗಂಡಸರು ವಿಮಾನದ ಸುತ್ತ ನಿಂತರು. ಯಾರೂ ಕೈ ಚಾಚಲಿಲ್ಲ. ಸುಲೋಚನಮ್ಮನಿಗೆ ಕಾರಣ ಗೊತ್ತಿತ್ತು. ಸಾವಿನ ಬಾಯಿಂದ ಬಂದವನನ್ನು ದೃಷ್ಟಿ ತೆಗೆಯದೆ ಮುಟ್ಟಬಾರದು, ಮುಟ್ಟಿದರೆ ಅವನನ್ನು ಬಿಟ್ಟುಹೋದದ್ದು ಮುಟ್ಟಿದವರನ್ನು ಹಿಡಿಯುತ್ತದೆ ಎಂಬುದು ಈ ಕಡೆಯವರ ಭಯ. ಬಂಡಿ ಮಗುಚಿದರೂ ಅಷ್ಟೇ, ಲಾರಿ ಮಗುಚಿದರೂ ಅಷ್ಟೇ.

"ದೊಡ್ಡಮ್ಮಾರು ಬರ್ತಾ ಅವ್ರೆ," ಎಂದು ಉಗ್ರಪ್ಪ ಹೊಲದ ಮನೆಯ ದಾರಿ ತೋರಿಸಿದ.

ಸುಲೋಚನಮ್ಮನ ಅತ್ತೆ ಸೂರಮ್ಮ ಬರುತ್ತಿದ್ದಳು. ಎಂಬತ್ತರ ಮುದುಕಿ, ಕೈಯಲ್ಲಿ ಒಡೆದ ಮಡಕೆಯ ಚೂರು, ಚೂರಿನ ತುಂಬ ನಿಗಿನಿಗಿ ಕೆಂಡ, ಮಡಿಲಲ್ಲಿ ಉಪ್ಪು ಮೆಣಸಿನಕಾಯಿ. ಗಾಳಿಗೆ ಕೆಂಡದಿಂದ ಕಿಡಿಗಳು ಹಾರುತ್ತಿದ್ದವು.

ಸುಲೋಚನಮ್ಮ ಸೆರಗು ಸಿಕ್ಕಿಸಿಕೊಂಡು ವಿಮಾನದ ಬಾಗಿಲೊಳಕ್ಕೆ ಬಗ್ಗಿ, ಪೈಲಟ್‌ನ ಎರಡೂ ಭುಜ ಹಿಡಿದು ಅದುಮಿದಳು. ಆಳುಗಳೆಲ್ಲ ನೋಡಲಿ ಎಂದೇ ಹಾಗೆ ಮಾಡಿದಳು. ಆಮೇಲೆ ಅತ್ತೆಯ ಕಡೆಗೆ ಓಡಿ ದಾರಿಗೆ ಅಡ್ಡ ನಿಂತಳು.

"ಅಲ್ಲೇ ನಿಲ್ರಿ ಅತ್ತೆ. ಪೆಟ್ರೋಲು ಚೆಲ್ಲೈತೆ. ಬೆಂಕಿ ಹತ್ರ ಬಂದ್ರೆ ಆವಯ್ಯ ಅಲ್ಲೇ ಸುಟ್ಟೋಗ್ತಾನೆ."

"ದಾರಿ ಬಿಡು ಸುಲೋಚನಾ. ನಿಮ್ಮಾವ ಬಂಡಿಯಿಂದ ಬಿದ್ದಾಗ ಹಿಂಗೇ ದೃಷ್ಟಿ ತೆಗೀದೆ ಎತ್ತಿಕೊಂಡು ಬಂದ್ರು. ಉಳುದ್ರಾ?"

ಅದಕ್ಕೆ ಎದುರಾಡುವುದು ಸುಲೋಚನಮ್ಮನಿಂದ ಆಗದು. ಆ ನೋವಿನೊಂದಿಗೆ ಮುದುಕಿ ಅರ್ಧ ಆಯುಷ್ಯ ಕಳೆದಿದ್ದಳು. ಬೈದರೆ ಇನ್ನಷ್ಟು ಹಟ ಹಿಡಿಯುತ್ತಾಳೆ, ಕೈ ಎಳೆದರೆ ಕೆಂಡ ಚೆಲ್ಲುತ್ತದೆ.

"ನಾನು ಆಗ್ಲೇ ಮುಟ್ಟಿಬಿಟ್ಟೆ ಅತ್ತೆ," ಎಂದಳು. "ಎರಡೂ ಕೈಲಿ. ಈಗ ಅವನ ಜೊತೆ ನನಗೂ ತೆಗೀಬೇಕು. ನೀವು ಗಾಳಿ ಬರೋ ಕಡೆ, ದೂರ ಆ ಬೇವಿನ ಮರದ ಹತ್ರ ಹೋಗಿ ಕೂತ್ಕಳ್ರಿ. ಅವನನ್ನ ಅಲ್ಲಿಗೇ ತರ್ತೀನಿ. ಮಾವನೋರಿಗೆ ತಪ್ಪಿದ್ದು ಇವನಿಗೆ ತಪ್ಪಬಾರದು."

ಸೂರಮ್ಮ ಸೊಸೆಯ ಮುಖವನ್ನೇ ನೋಡಿದಳು. "ಕೆಟ್ಟ ಧೈರ್ಯ ನಿಂದು," ಎಂದು ಬೇವಿನ ಮರದ ಕಡೆಗೆ ತಿರುಗಿದಳು.

ಸುಲೋಚನಮ್ಮ ವಾಪಸು ಓಡಿ ಬಂದಳು. "ಬರೋದೆಲ್ಲ ನನ್ನ ಮೇಲೆ ಬಂದಾಗೈತೆ, ಇನ್ನು ನಿಮಗೇನು? ಹೆಣ್ಮಕ್ಕಳು ಮಂಕರೀಲಿ ಮಣ್ಣು ತಂದು ಪೆಟ್ರೋಲಿನ ಮೇಲೆ ಸುರೀರಿ. ಉಗ್ರಪ್ಪಾ, ನೊಗ ತಾರೋ."

"ಹಾರೆ ತರ್ಲಾ?"

"ಬ್ಯಾಡ ಬ್ಯಾಡ," ಎಂದ ನೂರ್ ಅಹಮ್ಮದ್. "ಕಬ್ಬಿಣ ಕಬ್ಬಿಣಕ್ಕೆ ತಾಗಿ ಕಿಡಿ ಬಂದ್ರೆ ಎಲ್ಲರೂ ಒಟ್ಟಿಗೆ ಮೇಲಕ್ಕೆ ಹೋಗ್ತೀವಿ, ಇಂಜಿನ್ನೂ ಬೇಕಾಗಲ್ಲ." ಪೈಲಟ್ ನೋವಿನಲ್ಲೂ ಅವನ ಕಡೆ ನೋಡಿದ, ನಗಬೇಕೋ ಬೇಡವೋ ಎಂಬಂತೆ.

ಮರದ ನೊಗವನ್ನು ಬಾಗಿಲ ಅಂಚಿಗೆ ಆನಿಸಿ ತಗಡಿನಡಿ ತೂರಿಸಿ, ಮೂವರು ಗಂಡಸರು ಹೊರಗಿನ ತುದಿಯನ್ನು ಕೆಳಕ್ಕೆ ಅದುಮಿದರು. ತಗಡು ಅಲುಗಲಿಲ್ಲ. ಸುಲೋಚನಮ್ಮ ನೊಗದ ತುದಿಗೆ ತಾನೇ ನೇತುಬಿದ್ದಳು. ಮಣ್ಣು ಹೊರುತ್ತಿದ್ದ ಹೆಂಗಸರಲ್ಲಿ ಇಬ್ಬರು ಮಂಕರಿ ಎಸೆದು ಅವಳ ಸೊಂಟ ಹಿಡಿದು ಜೋತುಬಿದ್ದರು. ತಗಡು ಗರ್ ಎಂದು ಮೇಲೆದ್ದಿತು. ನೂರ್ ಅಹಮ್ಮದ್ ಒಳಗೆ ತೂರಿ ಬೂಟನ್ನು ಅಲ್ಲೇ ಬಿಟ್ಟು ಕಾಲನ್ನಷ್ಟೇ ಬಿಡಿಸಿದ. ಪೈಲಟ್ ಹಲ್ಲು ಕಚ್ಚಿಕೊಂಡಿದ್ದ. ಅವನನ್ನು ಕಂಬಳಿಯ ಮೇಲೆ ಮಲಗಿಸಿ, ನಾಲ್ಕು ಮೂಲೆ ಹಿಡಿದು ಬೇವಿನ ಮರದ ಕಡೆಗೆ ಹೊತ್ತರು.

ಸೂರಮ್ಮ ಅಷ್ಟು ಹೊತ್ತೂ ಊದಿ ಊದಿ ಕೆಂಡವನ್ನು ಜೀವಂತ ಇಟ್ಟುಕೊಂಡಿದ್ದಳು. ಅವರು ಬರುವುದನ್ನು ಕಂಡು ಚೂರನ್ನು ಎತ್ತಿಕೊಂಡು ಎದ್ದು ನಿಂತಳು. ಸುಲೋಚನಮ್ಮನಿಗೆ ಆಗ ತನ್ನ ಸೆರಗಿನದೇ ವಾಸನೆ ಹೊಡೆಯಿತು. ಸೀರೆ, ಕಂಬಳಿ, ಆ ಮನುಷ್ಯನ ಪ್ಯಾಂಟು, ಎಲ್ಲ ಪೆಟ್ರೋಲು. ಅಷ್ಟೆಲ್ಲ ಯೋಚಿಸಿದವಳು ಇದೊಂದನ್ನು ಯೋಚಿಸಿರಲಿಲ್ಲ.

"ನಿಲ್ರೋ, ಒಂದು ಹೆಜ್ಜೆ ಮುಂದಿಡಬ್ಯಾಡ್ರಿ," ಎಂದಳು. "ಅತ್ತೆ, ಮೈಲಿಗೆ ಮೈಗೆ ದೃಷ್ಟಿ ತೆಗೀತೀರಾ? ಮೊದ್ಲು ನೀರು ಹಾಕ್ಕಂತೀವಿ."

"ಅದೂ ಹೌದು," ಎಂದಳು ಸೂರಮ್ಮ.

ಬಾವಿಯ ತೊಟ್ಟಿಯ ಹತ್ತಿರಕ್ಕೆ ತಿರುಗಿಸಿ ಒಯ್ದರು. ಪೈಲಟ್‌ನ ಬಟ್ಟೆ ಬಿಚ್ಚಿ ಕೊಡಗಟ್ಟಲೆ ನೀರು ಸುರಿದು, ನೂರ್ ಅಹಮ್ಮದ್ ಕೆಲಸಕ್ಕೆ ಮುಂಚೆ ಪಂಪಿನ ಹತ್ತಿರ ಬಿಚ್ಚಿಟ್ಟಿದ್ದ ಒಣ ಲುಂಗಿ ಸುತ್ತಿದರು. ಸುಲೋಚನಮ್ಮ ತೊಟ್ಟಿಯ ಮರೆಗೆ ಹೋಗಿ ಉಟ್ಟ ಸೀರೆಯ ಮೇಲೇ ನೀರು ಸುರಿದುಕೊಂಡು, ಆಳು ಹೆಂಗಸೊಬ್ಬಳ ಬುತ್ತಿ ಗಂಟಿನ ಹಳೇ ಸೀರೆ ಸುತ್ತಿಕೊಂಡು ಬಂದಳು.

ಅಷ್ಟರಲ್ಲಿ ಚೂರಿನಲ್ಲಿ ಕೆಂಡ ಬೂದಿಯಾಗಿತ್ತು. ಸೂರಮ್ಮ ಊದಿದಳು, ಬೂದಿಯಷ್ಟೇ ಹಾರಿತು. ನೂರ್ ಅಹಮ್ಮದ್ ಜೀಪು ತರಲು ಹೋಗಿದ್ದ, ಚಳ್ಳಕೆರೆ ಆಸ್ಪತ್ರೆಗೆ ಒಯ್ಯಬೇಕಿತ್ತು.

"ಉಪ್ಪು ಮೆಣಸಿನಕಾಯಿ ನಿವಾಳಿಸ್ರಿ ಸಾಕು," ಎಂದಳು ಸುಲೋಚನಮ್ಮ. "ಒಲೆಗೆ ರಾತ್ರಿ ಮನೇಲಿ ಹಾಕೋಣ."

ಮುದುಕಿ ಮುಷ್ಟಿ ಕಟ್ಟಿ ಪೈಲಟ್‌ಗೆ ಮೂರು ಸುತ್ತು ಸುತ್ತಿಸಿದಳು. ಅವನು ಕಣ್ಣುಮುಚ್ಚಿ ಕೈ ಮುಗಿದ. ಅದೇ ಮುಷ್ಟಿಯನ್ನು ಸೊಸೆಗೂ ಸುತ್ತಿಸಿದಳು, ಅವಳಿಗೆ ಇನ್ನೊಂದು ಸುತ್ತು ಹೆಚ್ಚು.

"ಇದ್ಯಾಕೆ ಹೆಚ್ಚು?"

"ಅವನು ಬೇಕಂತ ಬಿದ್ದೋನಲ್ಲ," ಎಂದಳು ಸೂರಮ್ಮ. "ನೀನು ಬೇಕಂತ ಹೋಗಿ ಮುಟ್ಟಿದ್ದೀಯ."

ಜೀಪು ಹೊರಟ ಮೇಲೆ ಸುಲೋಚನಮ್ಮ ಪೊಲೀಸರಿಗೆ ಹೇಳಿಕಳಿಸಿ, ಅವರು ಬರುವವರೆಗೆ ವಿಮಾನದ ಸುತ್ತ ಆಳುಗಳನ್ನು ನಿಲ್ಲಿಸಿದಳು. ತಾನೂ ಬದುವಿನ ಮೇಲೆ ಕೂತಳು. ಉಗ್ರಪ್ಪನ ಕಿವಿಯ ಮೇಲೆ ಬೀಡಿ ಹಾಗೇ ಇತ್ತು, ಬೆಂಕಿಪೊಟ್ಟಣ ಅವಳ ಮಡಿಲಲ್ಲಿತ್ತು.