ಬಂಜರು ಭೂಮಿಯ ದ್ರಾಕ್ಷಿ

ಬೆಳಿಗ್ಗೆಯಿಂದ ಒಣದ್ರಾಕ್ಷಿ ತಿಂದು ತಿಂದು ಶೈಲಶ್ರೀಯ ಹಲ್ಲೆಲ್ಲ ಅಂಟಂಟಾಗಿದ್ದವು. ತಿಕೋಟಾ ಸೀಮೆಯಲ್ಲಿ ಯಾರ ಮನೆ ಹೊಕ್ಕರೂ ಮೊದಲು ತಾಟಿನ ತುಂಬ ಒಣದ್ರಾಕ್ಷಿ, ಆಮೇಲೆ ಚಹಾ. ಅದೇನೋ ಸರಿ. ಆದರೆ ತಾಟು ಇಟ್ಟ ಕೈಯನ್ನೇ ಮುಗಿದು, "ನಮ್ಮ ಹೊಲದಾಗ ಏನೂ ಬೆಳಿಯಂಗಿಲ್ರಿ ಮೇಡಮ್ಮಾರ, ಬರೇ ಬಂಜರ" ಎಂದು ಆಣೆ ಮಾಡುತ್ತಾರಲ್ಲ, ಇವರಿಗೇನು ಹೇಳುವುದು?

ನಿನ್ನೆ ಬಬಲೇಶ್ವರದ ಕಡೆಗೂ ಇದೇ ಹಾಡು. ಸರಕಾರ ವಿಜಯಪುರದ ಮಹಾಯೋಜನೆಯನ್ನು ಪರಿಷ್ಕರಿಸಲು ಹೊರಟಿತ್ತು. ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಹೊಲ ಹೊಲವಾಗಿಯೇ ಉಳಿಯಬೇಕು ಎಂದು ನಕ್ಷೆಗೆ ಹೊಸ ಬಣ್ಣ ತುಂಬುವ ಮೊದಲು, ಈಗ ಯಾವ ಜಮೀನಿನಲ್ಲಿ ಏನಿದೆ ಎಂದು ನೋಡಿ ಬರೆದುಕೊಂಡು ಬರುವ ಕೆಲಸ ಶೈಲಶ್ರೀಯದು. ಇದ್ದದ್ದನ್ನು ಇದ್ದಂತೆ ಬರೆಯುವುದು, ಅಷ್ಟೇ! ಆದರೆ ಅವಳಿಗಿಂತ ಮೊದಲೇ ಪ್ಲಾಟಿನ ದಲ್ಲಾಳಿಗಳು ಊರೂರು ತಿರುಗಿ, ಬಂಜರೆಂದು ಬರೆಸಿದರೆ ಮನೆ ಕಟ್ಟುವ ಹಳದಿ ಬಣ್ಣ ಬೀಳುತ್ತದೆ, ಆಮೇಲೆ ಭೂಮಿಗೆ ಬಂಗಾರದ ಬೆಲೆ ಎಂದು ಕಿವಿಯೂದಿ ಹೋಗಿದ್ದರು. ವಿಜಯಪುರದ ಜಲನಗರದ ಮನೆಯಿಂದ ಸ್ಕೂಟಿ ಏರಿ ಬಂದವಳಿಗೆ ತಲೆ ಕೆಟ್ಟು ಹೋಗಿತ್ತು.

ಕಳ್ಳಕವಟಗಿ ರಸ್ತೆಗೆ ಹತ್ತಿದ ಹೊಲದಲ್ಲಿ ಪಾಂಡು, ಅವನ ಹೆಂಡತಿ ಹೀರಾಬಾಯಿ ಕಾಯುತ್ತಿದ್ದರು.

"ಬಂಜರ ಅಂತ ಬರ್ಕೋರಿ," ಎಂದ ಪಾಂಡು.

"ಯಜಮಾನ್ರ, ಹಿಂದ ಹೊಳ್ಳಿ ನೋಡ್ರಿ. ಆ ದ್ರಾಕ್ಷಿ ಪಡ, ಅಷ್ಟ ದೊಡ್ಡ ತ್ವಾಟ, ಯಾರದು?"

"ಅದು... ಹಂಗ ಬಂದೈತ್ರಿ."

"ತಾನ ಹುಟ್ಟಿ, ತಾನ ತಂತಿ ಹತ್ತಿ ಕುಂತದ?"

"ಹಂಗ ಬಂದೈತಂತ!" ಹೀರಾಬಾಯಿ ಸಿಡಿದಳು. "ನನ್ನ ನಡಾ ಮುರದ ಬಂದೈತ್ರಿ ಬಾಯಾರ. ಇದು ಹೋತಂದ್ರ ನಾ ಯಾರ ಬಂಗಲೇದಾಗ ಕಸಾ ಹೊಡೀಲಿ, ಕೇಳ್ರಿ ಅವರನ್ನ."

"ನೀ ಸುಮ್ಕ ಕುಂದ್ರ ಬೇ," ಎಂದ ಪಾಂಡು ಶೈಲಶ್ರೀಯತ್ತ ತಿರುಗಿದ. "ಔಷಧ ಹೊಡದು ಹೊಡದು ಎದಿ ಸುಟ್ಟೈತ್ರಿ. ಮೋಡ ಕಂಡ್ರ ನಿದ್ದಿ ಇಲ್ಲ. ಇನ್ನರ ಕುಂತ ಉಣಬಾರದೇನು? ನಿಮ್ಮ ಮನಿ ನಿಂತ ಜಾಗಾನೂ ಒಂದ ಕಾಲಕ್ಕ ಯಾರದರ ಹೊಲಾನ ಇತ್ತಲ್ರಿ?"

ಮಾತು ನಾಟಿತು. ಶೈಲಶ್ರೀ ಒಪ್ಪಿಕೊಂಡಳು.

"ಇತ್ತು. ಮಾರೋದು ಬಿಡೋದು ನಿಮ್ಮ ಖುಷಿ. ಆದ್ರ ಊರ ತುಂಬ ಬಂಜರ ಅಂತ ಬರೆಸಿದ ಮ್ಯಾಲೆ, ನಾಳೆ ಮಾರದೇ ಉಳದವ ಕಾಲುವಿ ನೀರ ಕೇಳಾಕ ಹೋದ್ರ, ಬಂಜರಿಗೆ ನೀರ ಯಾಕಂತಾರ. ಆಗ ಏನ ಹೇಳ್ತೀರಿ?"

ಪಾಂಡು ಹಟ ಬಿಡಲಿಲ್ಲ. "ಬಂಜರ ಅಂತನ ಬರೀರಿ."

ಶೈಲಶ್ರೀಯ ತಾಳ್ಮೆ ಅಲ್ಲಿಗೆ ಮುಗಿಯಿತು. "ಆತು, ಬರೀತೀನಿ! ಬಂಜರ ಭೂಮಿಯಾಗ ಮಾಲಕರು ನಿಂತಿದ್ದು ಫೋಟೋ ಬೇಕು. ಅದರಾಗ ಬೆಳಿ ಕಾಣಬಾರದು. ನಿಲ್ರಿ."

ಪಾಂಡು ಬದುವಿನ ಮೇಲೆ ನಿಂತ. ಹಿಂದೆಲ್ಲ ಬಳ್ಳಿ. ಎಡಕ್ಕೆ ಸರಿದ, ತಲೆಗೆ ಗೊನೆ ಬಡಿಯಿತು. ಬಲಕ್ಕೆ ಹೋದರೂ ಅದೇ ಪಾಡು.

"ನೀರಿನ ಹೊಂಡದಾಗ ಇಳೀರಿ, ಅಲ್ಲೊಂದ ಬಳ್ಳಿ ಕಾಣಂಗಿಲ್ಲ," ಎಂದು ನಕ್ಕಳು ಹೀರಾಬಾಯಿ.

ಮುಖ ಕೆಂಪಗೆ ಮಾಡಿಕೊಂಡು ಅವನು ಖಾಲಿ ಜಾಗ ಹುಡುಕುತ್ತ ಬಳ್ಳಿಗಳ ಸಾಲಿನೊಳಕ್ಕೆ ನುಗ್ಗಿದ. ಅಲ್ಲೊಂದು ಬಳ್ಳಿ ತಂತಿಯಿಂದ ಜಾರಿ, ಗೊನೆ ನೆಲ ಮುಟ್ಟುವಂತಿತ್ತು. ಪಾಂಡು ಗಕ್ಕನೆ ಕುಕ್ಕರಿಸಿದ. ಗೊನೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಕಿಸೆಯಿಂದ ಸುತಳಿ ತೆಗೆದು, "ಇನ್ನೊಂದೀಟ ಜಾರಿದ್ರ ಮಣ್ಣಪಾಲ ಆಗತಿತ್ತಲ್ಲ ಯಪ್ಪಾ" ಎಂದು ಗೊಣಗುತ್ತ ಬಳ್ಳಿಯನ್ನು ತಂತಿಗೆ ಬಿಗಿದ. ಫೋಟೋದ ನೆನಪೇ ಅವನಿಗಿರಲಿಲ್ಲ. ಶೈಲಶ್ರೀ ಅದನ್ನೇ ತೆಗೆದಳು. ಮೊಬೈಲು ಅವನ ಮುಂದೆ ಹಿಡಿದು ಕೇಳಿದಳು:

"ಇದನ್ನ ಬಂಜರ ಅಂತ ಕಳಸ್ಲೇನ್ರಿ?"

ಪಾಂಡು ತನ್ನ ಚಿತ್ರ ನೋಡಿದ. ಹೆಂಡತಿಯ ಮುಖವನ್ನೂ ನೋಡಿದ. ಅವಳೀಗ ನಗುತ್ತಿರಲಿಲ್ಲ, ಕಣ್ಣು ತುಂಬಿದ್ದವು.

"ಬ್ಯಾಡ್ರಿ. ದ್ರಾಕ್ಷಿ ಅಂತ ಬರೀರಿ. ನಾಳೆ ಮಾರೋ ಪ್ರಸಂಗ ಬಂದ್ರೂ ದ್ರಾಕ್ಷಿ ಪಡ ಅಂತ ಹೇಳೇ ಮಾರ್ತೀನಿ. ಇದರ ಮುಂದ ನಿಂತು ಇಲ್ಲ ಅನ್ನಾಕ ನನಗ ಬಾಯಿ ಬರವಲ್ದು."

ಶೈಲಶ್ರೀ ಬರೆದುಕೊಂಡಳು. ಮುಂದಿನ ಹೊಲಕ್ಕೆಂದು ಸ್ಕೂಟಿ ತಿರುಗಿಸುತ್ತಿದ್ದಂತೆ ಪಾಂಡು ಅಡ್ಡ ಬಂದ.

"ಅದು ಸಾಬಣ್ಣಂದ್ರಿ. ಅವನೂ ಬಂಜರ ಅಂತಾನ. ತಡೀರಿ, ನಾನೂ ಬರ್ತೀನಿ."

ಅವಳು ಹೂಂ ಎನ್ನುವ ಮೊದಲೇ ಅವನು ಬದು ಹಾರಿ ದಾಪುಗಾಲು ಹಾಕಿದ್ದ.

"ಲೇ ಸಾಬಣ್ಣಾ, ಹೊರಗ ಬಾರಲೇ! ಪಡದಾಗ ನಿಂತು ಫೋಟೋ ತಗಸ್ಕೋ ಬಾ!"