ಕಡ ತಂದ ಬೆನ್ನು

ನೆಂಟರೆಲ್ಲ ಹೊರಟುಹೋದ ಮೊದಲ ಬೆಳಿಗ್ಗೆ ವಿಮಾ ಕಂಪನಿಯಿಂದ ಫೋನ್ ಬಂತು.

“ಮೇಡಂ, ಆಸ್ಪತ್ರೆ ಬಿಲ್ಲು ಪಾಸಾಗ್ಬೇಕಂದ್ರೆ ಅರ್ಜಿ ಹಾಕುವಾಗ ತೋರಿಸಿದ ದಾಖಲೆ ಇನ್ನೊಂದ್ಸಲ ನೋಡ್ಬೇಕು. ನಿಮ್ಮೆಜಮಾನ್ರ ಬೆನ್ನಿನ ಸ್ಕ್ಯಾನ್ ಫಿಲ್ಮು ಇದೆಯಲ್ಲ? ಹನ್ನೊಂದಕ್ಕೆ ನಮ್ಮೋರು ಬರ್ತಾರೆ.”

ಫಿಲ್ಮು ಬೀರುವಿನ ಹಿಂದಿತ್ತು. ಬೆನ್ನು ಅವರದಲ್ಲ.

ನನ್ನ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಒಮ್ಮೆ ಏಣಿಯಿಂದ ಬಿದ್ದು ಸೊಂಟದ ಡಿಸ್ಕ್ ಜಾರಿತ್ತು. ಅದನ್ನು ಇದ್ದ ಹಾಗೆ ಬರೆದದ್ದಕ್ಕೆ ಮೊದಲ ಕಂಪನಿ ವಿಮೆ ಕೊಡಲಿಲ್ಲ. ಎರಡನೆಯದಕ್ಕೆ, ಕೆಳಮನೆಯ ಗಡಿಯಾರ ರಿಪೇರಿಯವರ ಹಳೆಯ ಫಿಲ್ಮನ್ನು ಕಡ ತಂದರು. ಮೂಲೆಯಲ್ಲಿದ್ದ ಹೆಸರು ಮುಚ್ಚುವಂತೆ, ಅದೇ ಅಳತೆಯ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದು ಅಂಟಿಸಿದರು.

“ಇಡೀ ದಿನ ಬಗ್ಗಿ ಕೂರೋ ನಿಮ್ಮ ಬೆನ್ನು ಕಡ್ಡಿ ಥರ. ನೆಟ್ಟಗೆ ನಿಲ್ಲೋ ನಂದು ಸೊಟ್ಟ. ಇದ್ಯಾವ ನ್ಯಾಯ ಅಣ್ಣಾ?” ಎಂದು ನಗಿಸಿದ್ದರು.

ಮರುದಿನ ನೋವಿಲ್ಲದೆ ಏಣಿ ಹತ್ತಿದರು. ಅದೇ ವಾರ ಕೆಳಮನೆಯಣ್ಣ ಕಾಲೆಳೆದು ನಡೆಯತೊಡಗಿದರು. ನಾವು ಆ ಮಾತೆತ್ತಲಿಲ್ಲ. ಎಂಟು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಇವರ ಎದೆಬಡಿತ ನಿಂತುಹೋಯಿತು. ಹೆಣ ಎತ್ತುವಾಗ ಮೈದುನ ಹೇಳಿದ, “ಅತ್ತಿಗೆ, ಅಣ್ಣನ ಬೆನ್ನು ಹಲಗೆ ಥರ ನೆಟ್ಟಗಿದೆ.”

ಫಿಲ್ಮನ್ನು ಕಿಟಕಿಗೆ ಹಿಡಿದೆ. ಹೆಸರಿನ ಬಣ್ಣ ಬೆರಳಿಗೆ ಅಂಟಿತು. ಇನ್ನೂ ಹಸಿಯಾಗಿತ್ತು.

ಹತ್ತೂವರೆಗೆ ಕೆಳಮನೆಯಣ್ಣ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಹೊಸ ಫಿಲ್ಮು.

“ಈಗ ಕೇಳಬಾರದು ತಂಗಿ. ಆಪರೇಷನ್ ಆಗ್ಬೇಕಂತೆ. ವಿಮೆಯೋರು ಹಳೇ ತೊಂದರೆ ಅಂತಾರೆ. ಮುಂಚೆ ಸರಿಯಿತ್ತು ಅಂತ ತೋರಿಸೋಕೆ ನನ್ನ ಫಿಲ್ಮು ಬೇಕಿತ್ತು. ಡಾಕ್ಟ್ರು ಏಣಿಯಿಂದ ಬಿದ್ರಾ ಅಂತಾರೆ. ನಾನು ಸ್ಟೂಲಿಂದಾನೂ ಬಿದ್ದೋನಲ್ಲ!”

ಹೊಸದನ್ನು ಬೆಳಕಿಗೆ ಹಿಡಿದೆ. ಜಾರಿದ ಡಿಸ್ಕಿನ ಮೇಲಿನ ಮೂಳೆಯ ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಏಣಿಯಿಂದ ಬಿದ್ದಾಗ ತೆಗೆಸಿದ ನನ್ನ ಗಂಡನ ಸ್ವಂತ ಫಿಲ್ಮಿನಲ್ಲಿ ಎಷ್ಟೋ ಸಲ ನೋಡಿದ್ದ ಚಕ್ಕೆ.

ಅತ್ತೆ ಒಳಗೆ ಕರೆದು ಪಿಸುಗುಟ್ಟಿದರು. “ಕೊಟ್ಟುಬಿಟ್ರೆ ಬಿಲ್ಲು ಯಾರ ತಲೆಗೆ? ವಿಮೆಯೋರು ಬಂದು ನೋಡ್ಕೊಂಡು ಹೋಗ್ಲಿ ಕಣೇ. ಸತ್ತೋನ ಬೆನ್ನಿಗೆ ಸಾಕ್ಷಿ ಯಾರು?”

“ಅಣ್ಣ ಇದ್ದಾರಲ್ಲ, ಅತ್ತೆ.”

ಉಗುರಿನಿಂದ ಹೆಸರು ಎಬ್ಬಿಸಿದೆ. ಸಿಪ್ಪೆಯ ಹಾಗೆ ಇಡಿಯಾಗಿ ಬಂತು; ಕೆಳಗೆ ಅಣ್ಣನ ಹೆಸರು ಹಾಗೇ ಇತ್ತು. ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆರೆದೆ. ಹೊಸಿಲಿನಾಚೆ ವಿಮಾ ಕಂಪನಿಯವನೊಬ್ಬ ಬ್ಯಾಗು ಹಿಡಿದು ನಿಂತಿದ್ದ.

ಅವನೆದುರೇ ಕೆಳಮನೆಯಣ್ಣನಿಗೆ ಫಿಲ್ಮು ಚಾಚಿ ಹೇಳಿದೆ, “ತಗೊಳ್ಳಿ ಅಣ್ಣಾ, ನಿಮ್ಮದು.”

ಅವರು ಎರಡೂ ಕೈಗಳಲ್ಲಿ ತೆಗೆದುಕೊಂಡರು. ಇಳಿಯುವಾಗ ಗೋಡೆ ಹಿಡಿಯಲಿಲ್ಲ.